61 ದಿನ ನಿಂತ ಪಿಕಪ್, ಈಗ ಚಾವಿ ಚಿತ್ರ ಮಿಣುಕುತ್ತಿದೆ: ಚಾವಿ ಹೋಯ್ತೋ, ಡಬ್ಬಿ ಹೋಯ್ತೋ?

ಬೈತಖೋಲ ಪಿಕಪ್
ಮೀನು ಲೋಡಿನ ಗಾಡಿ. ಒಂದೂವರೆ ಟನ್ನಿನ ಡೀಸೆಲ್ ಪಿಕಪ್, ಬಿಎಸ್6. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಅಂತ ಬೋಟು ಬಂದ್ ಇತ್ತಲ್ಲ, ಅಷ್ಟೂ ದಿನ ಶೆಡ್ಡಿನಲ್ಲೇ ನಿಂತಿತ್ತು. ಈಗ ಚಾಲೂ ಆಗ್ತಿಲ್ಲ. ಸೆಲ್ಫ್ ಹೊಡೆದರೆ ನಿಧಾನ ತಿರುಗುತ್ತದೆ, ಒಮ್ಮೊಮ್ಮೆ ಎಂಜಿನ್ ಹಿಡಿದ ಹಾಗೆ ಮಾಡಿ ಒಂದು ಸೆಕೆಂಡಿಗೆ ಬಂದ್. ಮೀಟರಿನಲ್ಲಿ ಚಾವಿ ಚಿತ್ರ ಮಿಣುಕುತ್ತದೆ. ಎರಡನೇ ಚಾವಿ ಹಾಕಿದರೂ ಮಿಣುಕುತ್ತದೆ. ಗ್ಯಾರೇಜಿನವರು "ಎರಡೂ ಚಾವಿ ಹಿಡೀತಿಲ್ಲ ಅಂದ್ರೆ ಇಮ್ಮೊಬಿಲೈಜರ್ (ಚಾವಿಯ ಗುರುತು ಹಿಡಿಯೋದು) ಡಬ್ಬಿಯೇ ಹೋಗಿದೆ, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಜತೆ ಸೆಟ್ ಬದಲಿಸಬೇಕು" ಅಂತ 30,000 ರೂಪಾಯಿ ಮೇಲೆ ಹೇಳ್ತಿದ್ದಾರೆ. ದುಡ್ಡು ಹಾಕೋ ಮೊದಲು ಎಂತ ನೋಡಬೇಕು?

ದೇವಿಮನೆ ಡೀಸೆಲ್
ಬ್ಯಾಟರಿ.

ಸದಾಶಿವಗಡ
ಚಾವಿಯ ಸೆಲ್ ಬದಲಿಸಿ ನೋಡಿ ಮೊದಲು. ಸಿಆರ್2032, ಎಲ್ಲ ಅಂಗಡಿಯಲ್ಲೂ ಸಿಗ್ತದೆ.

ಚಾವಿಗೊಂಚಲು
ಸದಾಶಿವಗಡ, ಆ ಸೆಲ್ಲಿಗೂ ಗಾಡಿ ಚಾಲೂ ಆಗೋದಕ್ಕೂ ಸಂಬಂಧ ಇಲ್ಲ. ಸೆಲ್ ಇರೋದು ಬಾಗಿಲು ತೆಗೆಯುವ ರಿಮೋಟಿಗೆ ಮಾತ್ರ. ಇಮ್ಮೊಬಿಲೈಜರ್ ಚಿಪ್ಪಿಗೆ ಸೆಲ್ಲೇ ಬೇಡ. ಚಾವಿ ತೂರಿಸುವ ತೂತಿನ ಸುತ್ತ ಒಂದು ತಾಮ್ರದ ತಂತಿಯ ಸುರುಳಿ ಇದೆ, ಪ್ಲಾಸ್ಟಿಕ್ ಬಳೆಯೊಳಗೆ. ಚಾವಿ ತಿರುಗಿಸಿದ ಕೂಡಲೇ ಆ ಸುರುಳಿ ಸುಮಾರು 125 ಕಿಲೋಹರ್ಟ್ಸ್‌ನಲ್ಲಿ ಕಾಂತಕ್ಷೇತ್ರ ಹುಟ್ಟಿಸುತ್ತದೆ. ಚಿಪ್ಪು ಅದರಿಂದಲೇ ಕರೆಂಟ್ ಪಡೆದು ತನ್ನ ನಂಬರ್ ಹೇಳುತ್ತದೆ. ನಂಬರ್ ಸರಿ ಬಂದರೆ ಇಸಿಯು ಡೀಸೆಲ್ ಬಿಡುತ್ತದೆ, ಇಲ್ಲಾಂದ್ರೆ ಇಲ್ಲ. ರಿಮೋಟ್ ಬೇರೆಯೇ ರೇಡಿಯೋ, 433 ಮೆಗಾಹರ್ಟ್ಸ್ ಆಸುಪಾಸಿನದು. ರಿಮೋಟ್ ಸತ್ತರೂ ಗಾಡಿ ಚಾಲೂ ಆಗಬೇಕು.

ಬೈತಖೋಲದವರಿಗೆ ಒಂದು ಪ್ರಶ್ನೆ. ಎರಡೂ ಚಾವಿಯಲ್ಲಿ ಚಿತ್ರ ಮಿಣುಕೋದು ಒಂದೇ ಹೊತ್ತಿಗಾ? ಚಾವಿ ಆನ್ ಮಾಡಿದ ಕೂಡಲೇ ಮಿಣುಕ್ತದಾ, ಅಥವಾ ಮೊದಲು ಆರಿ, ಸೆಲ್ಫ್ ಹೊಡೆದ ಮೇಲೆ ಶುರುವಾಗ್ತದಾ? ಸೆಲ್ಫ್ ಹೊಡೆಯಬೇಡಿ, ಬರೀ ಆನ್ ಮಾಡಿ ನೋಡಿ ಹೇಳಿ.

ಹಳೇ ಪಂಪು
ಇದಕ್ಕೇ ನಾನು ಹೇಳೋದು, ಈ ಚಿಪ್ಪು ಗಿಪ್ಪು ಎಲ್ಲ ಕಂಪನಿಯವರ ದುಡ್ಡಿನ ದಂಧೆ. ಹಳೇ ಗಾಡಿಗೆ ಒಂದು ಚಾವಿ, ಒಂದು ಪಂಪು, ಮುಗೀತು. ಇಸಿಯುನಲ್ಲಿ ಇಮ್ಮೊಬಿಲೈಜರ್ ಆಫ್ ಮಾಡಿಸಿಬಿಡಿ, ಲ್ಯಾಪ್‌ಟಾಪ್ ಇಟ್ಟುಕೊಂಡವರು ಅರ್ಧ ಗಂಟೆಯಲ್ಲಿ ಮಾಡಿಕೊಡ್ತಾರೆ.

ಅಡಿಕೆ ಲೋಡ್
ಹಳೇ ಪಂಪಿನ ಗಾಡಿ ಕದಿಯಲು ಎಷ್ಟು ಹೊತ್ತು ಬೇಕು ಹೇಳಿ ನೋಡೋಣ. ಪಂಪಿನ ಮೇಲಿನ ಸೊಲೆನಾಯ್ಡಿಗೆ (ಕರೆಂಟಿನಿಂದ ತೆರೆಯುವ ವಾಲ್ವ್) 12 ವೋಲ್ಟ್ ಬಂದರೆ ಡೀಸೆಲ್ ಹರೀತದೆ, ಅಷ್ಟೇ ಅದರ ಕಾವಲು. ಅದಕ್ಕೇ ಶಿರಸಿ ಕಡೆ ಅಡಿಕೆ ಸಾಗಿಸುವವರು ಸೀಟಿನಡಿ ಕಳ್ಳ ಸ್ವಿಚ್ ಹಾಕಿಸ್ತಿದ್ದದ್ದು. ಲೋಡಾದ ಗಾಡಿಯಲ್ಲಿ ಗಾಡಿಗಿಂತ ಮಾಲಿನ ಬೆಲೆಯೇ ಹೆಚ್ಚು ಮಾರಾಯ್ರೆ.

ಚಾವಿಗೊಂಚಲು
ಹಳೇ ಪಂಪು ಅವರೇ, ಇಮ್ಮೊಬಿಲೈಜರ್ ಆಫ್ ಮಾಡಿಸಿದರೆ ಆಮೇಲೆ ಬರೀ ಕಬ್ಬಿಣ ಕೊರೆದ ಡೂಪ್ಲಿಕೇಟ್ ಚಾವಿಗೂ ಗಾಡಿ ಓಡ್ತದೆ. ಕಳ್ಳತನವಾಗಿ ಕ್ಲೇಮಿಗೆ ಹೋದರೆ ವಿಮೆಯವರು ಮೊದಲು ಕೇಳೋದು ಎರಡೂ ಮೂಲ ಚಾವಿ. ಜತೆಗೆ ಎಫ್‌ಐಆರ್, ಆರ್‌ಸಿ, ಗಾಡಿ ಪತ್ತೆಯಾಗಲಿಲ್ಲ ಅಂತ ಪೊಲೀಸರು ಕೋರ್ಟಿಗೆ ಕೊಡುವ ಸಿ ರಿಪೋರ್ಟ್. ಕಂಪನಿಯ ಭದ್ರತೆಯನ್ನೇ ಕಿತ್ತು ಹಾಕಿದ್ದು ಗೊತ್ತಾದರೆ ತಕರಾರು ತೆಗೆಯಲು ಅವರಿಗೆ ಬೇರೆ ಕಾರಣ ಬೇಕಾ? ಅದೂ ಅಲ್ಲದೆ ರೋಗ ಚಾವಿಯದ್ದೇ ಅಂತ ಇನ್ನೂ ಗೊತ್ತಾಗಿಲ್ಲ.

ಗಂಗಾವಳಿ
ಯೂಟ್ಯೂಬಿನಲ್ಲಿ ಒಂದು ಉಪಾಯ ಇದೆ. ಚಾವಿ ಆನ್ ಮಾಡಿ 10 ನಿಮಿಷ ಹಾಗೇ ಬಿಡೋದು, ಚಿತ್ರ ಆರಿದ ಮೇಲೆ ಆಫ್ ಮಾಡಿ ಮತ್ತೆ ಆನ್. ಹೀಗೆ ಮೂರು ಸಲ. ತಾನಾಗಿ ಕಲಿತುಕೊಳ್ತದಂತೆ. ಖರ್ಚಿಲ್ಲ, ಮಾಡಿ ನೋಡಿ.

ಮಲ್ಟಿಮೀಟರ್
ಬೇಡ ಬೇಡ. ಅದು ಅಮೆರಿಕದ ಜನರಲ್ ಮೋಟಾರ್ಸ್‌ನ ಹಳೇ ಗಾಡಿಗಳ ವಿಧಾನ, ಪಾಸ್‌ಲಾಕ್ ಅನ್ನೋ ವ್ಯವಸ್ಥೆಯದ್ದು. ಅಲ್ಲಿನ ಪಿಕಪ್‌ಗಳಲ್ಲೂ ಅದು ಇತ್ತು, ಅದಕ್ಕೇ "ಪಿಕಪ್, ಸೆಕ್ಯುರಿಟಿ ಲೈಟ್" ಅಂತ ಹುಡುಕಿದವರಿಗೆಲ್ಲ ಅದೇ ವಿಡಿಯೋ. ಅದರಲ್ಲಿ ಚಾವಿಗೆ ಚಿಪ್ಪೇ ಇರಲಿಲ್ಲ, ಗುರುತು ಹಿಡಿಯುವ ಸೆನ್ಸರ್ ಇದ್ದದ್ದು ಚಾವಿ ತೂರಿಸುವ ಸಿಲಿಂಡರಿನಲ್ಲಿ. ನಮ್ಮ ಗಾಡಿಗೆ ಅರ್ಧ ಗಂಟೆ ಇಗ್ನಿಷನ್ ಆನ್ ಇಟ್ಟರೆ ಮೊದಲೇ ಸೊರಗಿದ ಬ್ಯಾಟರಿ ಪೂರ್ತಿ ಮಲಗ್ತದೆ, ಅಷ್ಟೇ ಲಾಭ.

ಬೈತಖೋಲದವರೇ, ವೋಲ್ಟ್ ಅಳೆಯುವ ಮೀಟರ್ ಇದ್ದರೆ ಮೂರು ಅಳತೆ ತೆಗೆಯಿರಿ. ಇಲ್ಲದಿದ್ದರೆ ಒಂದು ಡಿಜಿಟಲ್ ಮೀಟರ್ ಕೊಳ್ಳಿ, 30,000ಕ್ಕಿಂತ ಎಷ್ಟೋ ಕಡಿಮೆ.

ಒಂದು, ಗಾಡಿ ರಾತ್ರಿಯೆಲ್ಲ ನಿಂತ ಮೇಲೆ ಬ್ಯಾಟರಿಯ ಎರಡು ತುದಿಗೆ ಹಿಡಿಯಿರಿ. 12.6 ವೋಲ್ಟ್ ಇದ್ದರೆ ತುಂಬಿದೆ, 12.4 ಅಂದರೆ ಮುಕ್ಕಾಲು, 12.0 ಅಂದರೆ ಬಹುತೇಕ ಖಾಲಿ.

ಎರಡು, ಮೀಟರ್ ಅಲ್ಲೇ ಇಟ್ಟು ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. 9.6ಕ್ಕಿಂತ ಕೆಳಗೆ ಹೋಗಬಾರದು. ಹೋದರೆ ಇಸಿಯು, ಇಮ್ಮೊಬಿಲೈಜರ್ ಎರಡೂ ನಡುವಲ್ಲಿ ಬಂದಾಗಿ ಮತ್ತೆ ಎದ್ದೇಳ್ತಾವೆ. ಆಗ ಚಾವಿಯ ನಂಬರ್ ಕೇಳುವ ಮಾತುಕತೆ ಅರ್ಧಕ್ಕೇ ತುಂಡು. ನೋಡುವವರಿಗೆ ಚಾವಿ ಹಿಡಿಯಲಿಲ್ಲ ಅಂತಲೇ ಕಾಣ್ತದೆ.

ಮೂರನೆಯದೇ ಮುಖ್ಯ, ನಮ್ಮ ಕರಾವಳಿಯಲ್ಲಿ ಯಾರೂ ಮಾಡದ್ದು. ಮೀಟರಿನ ಕಪ್ಪು ತಂತಿ ಬ್ಯಾಟರಿಯ ಮೈನಸ್ ಕಂಬಕ್ಕೇ ಹಿಡಿಯಿರಿ, ಲಗ್ಗಿಗೆ (ತಂತಿ ತುದಿಯ ಲೋಹದ ಹಿಡಿ) ಅಲ್ಲ. ಕೆಂಪು ತಂತಿ ಎಂಜಿನ್ ಬ್ಲಾಕಿನ ಬಣ್ಣ ಇಲ್ಲದ ಜಾಗಕ್ಕೆ. ಈಗ ಸೆಲ್ಫ್ ಹೊಡೆಸಿ. 0.2, ಹೆಚ್ಚೆಂದರೆ 0.3 ವೋಲ್ಟ್ ಬರಬೇಕು. ಅದಕ್ಕಿಂತ ಹೆಚ್ಚು ಬಂದರೆ ಅರ್ತ್ ಪಟ್ಟಿ, ಅಂದರೆ ಎಂಜಿನ್ನಿನಿಂದ ಬ್ಯಾಟರಿ ಮೈನಸ್ಸಿಗೆ ಕರೆಂಟ್ ವಾಪಸ್ ತರುವ ಹೆಣೆದ ತಂತಿಯ ಪಟ್ಟಿ, ಹೋಗಿದೆ.

ಹಳೇ ಪಂಪು
ಎರಡು ಚಾವಿಯೂ ಹಿಡಿಯಲ್ಲ ಅಂದ ಮೇಲೆ ಅರ್ತ್ ಎಂತ ಮಾಡ್ತದೆ?

ಮಲ್ಟಿಮೀಟರ್
ಸೆಲ್ಫ್ ಮೋಟಾರಿನ ನೂರಾರು ಆಂಪಿಯರ್ ಬ್ಯಾಟರಿಗೆ ವಾಪಸ್ ಬರೋದು ಆ ಪಟ್ಟಿಯ ಮೇಲೇ. ಪಟ್ಟಿ ಉಪ್ಪಿಗೆ ಕಿಲುಬು ಹಿಡಿದಿದ್ದರೆ ಎಂಜಿನ್ನಿನ ಅರ್ತ್ ಒಂದು-ಒಂದೂವರೆ ವೋಲ್ಟ್ ಮೇಲೆ ತೇಲ್ತದೆ. ಇಸಿಯು ಅರ್ತ್ ಒಂದು ಕಡೆ, ಇಮ್ಮೊಬಿಲೈಜರ್ ಅರ್ತ್ ಇನ್ನೊಂದು ಕಡೆ ಇದ್ದರೆ ಇಬ್ಬರ ಸೊನ್ನೆಯೂ ಬೇರೆ ಬೇರೆ. ಒಬ್ಬ ಹೇಳಿದ್ದು ಇನ್ನೊಬ್ಬನಿಗೆ ಕೇಳೋದಿಲ್ಲ.

ಸಾಣಿಕಟ್ಟಾ
ಮೀನಿನ ಗಾಡಿಯ ಅರ್ತ್ ಪಟ್ಟಿ ಕೈಯಲ್ಲಿ ಹಿಡಿದು ನೋಡಿದ್ದೀರಾ ಯಾರಾದರೂ? ಮೇಲಿಂದ ಹೆಣಿಗೆ ಚೆನ್ನಾಗೇ ಕಾಣ್ತದೆ. ಲಗ್ ಹತ್ತಿರ ಬಗ್ಗಿಸಿದರೆ ಒಳಗಿನಿಂದ ಹಸಿರು ಪುಡಿ ಉದುರ್ತದೆ, ಹತ್ತು ಎಳೆಯಲ್ಲಿ ಎರಡೋ ಮೂರೋ ಉಳಿದಿರ್ತವೆ. ಹೆಡ್‌ಲೈಟ್ ಉರಿಯಲು ಅಷ್ಟು ಸಾಕು, ಸೆಲ್ಫಿಗೆ ಸಾಲದು. ಗಾಡಿ ದಿನಾ ಓಡುವಾಗ ಹೇಗೋ ನಡೆಯುತ್ತದೆ. ಎರಡು ತಿಂಗಳು ಮಳೆಗಾಲದ ತೇವದಲ್ಲಿ ನಿಂತರೆ ಉಳಿದದ್ದೂ ಹೋಯ್ತು.

ಐಸ್ ಕರಗಿದ ಉಪ್ಪುನೀರು ಬಾಡಿಯ ಹಲಗೆ ಸಂದಿಯಿಂದ ಇಳಿದು ಚಾಸಿಯ ಮೇಲೆಯೇ ಬೀಳೋದು. ಮೊದಲು ತಿನ್ನೋದು ಹಿಂದಿನ ಲೈಟಿನ ಕನೆಕ್ಟರ್, ಆಮೇಲೆ ಪಾಟಾದ ಯು-ಬೋಲ್ಟ್, ಬ್ರೇಕ್ ಪೈಪು. ಹಿಂದಿನ ಆಕ್ಸಲಿಗೆ ಸಲಾಕೆಯಿಂದ ಜೋಡಿಸಿದ ಬ್ರೇಕ್ ವಾಲ್ವ್ ಒಂದಿದೆ, ಲೋಡ್ ನೋಡಿ ಹಿಂದಿನ ಚಕ್ರಕ್ಕೆ ಬ್ರೇಕ್ ಹೆಚ್ಚು ಕಡಿಮೆ ಮಾಡೋದು. ಅದು ತುಕ್ಕಿಗೆ ಕಚ್ಚಿಕೊಂಡರೆ ಖಾಲಿ ಗಾಡಿಯಲ್ಲಿ ಹಿಂದಿನ ಚಕ್ರ ಲಾಕ್ ಆಗಿ ಜಾರ್ತದೆ, ಇಲ್ಲವೇ ಲೋಡಿನಲ್ಲಿ ಹಿಂದೆ ಬ್ರೇಕೇ ಸಾಲೋದಿಲ್ಲ. ಚಾವಿಗಿಂತ ಅದನ್ನು ನೋಡಿಸಿ ಮಾರಾಯ್ರೆ.

ಸದಾಶಿವಗಡ
ಚಾಸಿಗೆ ಗೇರೆಣ್ಣೆ ಬಳಿದರೆ? ದೋಣಿಗೆ ಬಳೀತಾರಲ್ಲ.

ಸಾಣಿಕಟ್ಟಾ
ಹಲಗೆಗೆ ಬಳಿಯಿರಿ, ಅಡ್ಡಿಲ್ಲ. ಚಾಸಿಗೆ ಬೇಡ, ಸುಟ್ಟ ಎಂಜಿನ್ ಆಯಿಲ್ ಅಂತೂ ಬೇಡವೇ ಬೇಡ, ರಬ್ಬರ್ ಬುಶ್ ಉಬ್ಬಿ ಹಾಳಾಗ್ತದೆ. ತುಕ್ಕಿನ ಮೇಲೇ ಡಾಂಬರಿನಂಥ ಕಪ್ಪು ಕೋಟಿಂಗ್ ಹೊಡೆಸೋದೂ ತಪ್ಪು. ಮೇಲೆ ಕರಿ ಫಳಫಳ, ಅಡಿಯಲ್ಲಿ ನೀರು ಸಿಕ್ಕಿಬಿದ್ದು ಇನ್ನೂ ಜೋರು ತಿನ್ನುತ್ತದೆ. ವೈರ್ ಬ್ರಷ್ಷಿನಿಂದ ಕೆರೆದು, ತುಕ್ಕು ತಡೆಯುವ ಪ್ರೈಮರ್ ಹಾಕಿ, ಒಣಗಿದ ಮೇಲೆ ಮೇಣದ ಕೋಟಿಂಗ್. ಎಲ್ಲಕ್ಕಿಂತ ಸಸ್ತಾ ಉಪಾಯ, ಮೀನು ಇಳಿಸಿದ ದಿನವೇ ಬಾವಿ ನೀರಿನಲ್ಲಿ ಅಡಿ ತೊಳೆಯೋದು. ಬಂದರಿನ ನೀರಿನಲ್ಲಿ ತೊಳೆದು "ತೊಳೆದಿದ್ದೇನೆ" ಅನ್ನೋರೂ ಇದ್ದಾರೆ.

ಬೈತಖೋಲ ಪಿಕಪ್
ಚಾವಿಗೊಂಚಲು ಹೇಳಿದ್ದು ನೋಡಿದೆ. ಎರಡೂ ಒಂದೇ ಥರ ಅಲ್ಲ! ದಿನಾ ಬಳಸುವ ಚಾವಿಯಲ್ಲಿ ಆನ್ ಮಾಡಿದರೆ ಚಿತ್ರ ಮೂರು ಸೆಕೆಂಡಿಗೆ ಆರುತ್ತದೆ. ಸೆಲ್ಫ್ ಹೊಡೆದ ಮೇಲೆಯೇ ಮಿಣುಕೋದು. ಎರಡನೇ ಚಾವಿಯಲ್ಲಿ ಆನ್ ಮಾಡಿದ ಕೂಡಲೇ ಮಿಣುಕ್ತದೆ, ಆರೋದೇ ಇಲ್ಲ. ರಿಮೋಟ್ ಎರಡರಲ್ಲೂ ಕೆಲಸ ಮಾಡ್ತದೆ.

ಬ್ಯಾಟರಿ 12.1. ಸೆಲ್ಫ್ ಹೊಡೆದಾಗ 8.9.

ಚಾವಿಗೊಂಚಲು
ಹಾಗಾದರೆ ಇದು ಒಂದು ರೋಗ ಅಲ್ಲ, ಎರಡು. ಮೊದಲನೇ ಚಾವಿಯನ್ನು ಡಬ್ಬಿ ಓದಿದೆ, ಅದಕ್ಕೇ ಚಿತ್ರ ಆರಿದ್ದು. ಅಂದರೆ ಡಬ್ಬಿ, ಸುರುಳಿ, ಚಿಪ್ಪು ಮೂರೂ ಬದುಕಿವೆ. ಡಬ್ಬಿ ಹೋಗಿದೆ ಅಂದವರು ಆ ಮೂರು ಸೆಕೆಂಡು ನೋಡಲೇ ಇಲ್ಲ.

ಎರಡನೇ ಚಾವಿಯ ಹೊರಕವಚ ಯಾವಾಗಾದರೂ ಬದಲಿಸಿದ್ದೀರಾ? ಕೆಲವು ಚಾವಿಯಲ್ಲಿ ಚಿಪ್ಪು ರಿಮೋಟಿನ ಹಸಿರು ಬೋರ್ಡಿನ ಮೇಲೆ ಇರೋದಿಲ್ಲ, ಬೇರೆಯೇ ಇರ್ತದೆ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಕಪ್ಪು ಬೆಣೆಯ ಹಾಗೆ, ಕವಚದ ಒಂದು ಗೂಡಿನಲ್ಲಿ ಕೂತಿರ್ತದೆ. ಕವಚ ಬದಲಿಸುವಾಗ ಬೋರ್ಡ್ ಮಾತ್ರ ಹೊಸದಕ್ಕೆ ಹಾಕಿ ಹಳೇದನ್ನು ಕಸಕ್ಕೆ ಎಸೆದರೆ ಚಿಪ್ಪೂ ಅದರ ಜತೆ ಹೋಯ್ತು. ರಿಮೋಟ್ ಬಾಗಿಲು ತೆಗೀತದೆ, ಚಾವಿ ತಿರುಗ್ತದೆ, ಎಂಜಿನ್ ಮಾತ್ರ ಹಿಡಿಯೋದಿಲ್ಲ.

ಇನ್ನೊಂದು, ಎರಡೂ ಚಾವಿ ಒಂದೇ ರಿಂಗಿಗೆ ಹಾಕಿ ಪರೀಕ್ಷೆ ಮಾಡಬೇಡಿ. ಹತ್ತಿರ ಎರಡು ಚಿಪ್ಪು ಇದ್ದರೆ ಸುರುಳಿಗೆ ಗೊಂದಲ. ಬೈಕಿನ ಚಿಪ್ ಚಾವಿ ಇದ್ದರೂ ಅಷ್ಟೇ.

ಅಡಿಕೆ ಲೋಡ್
61 ದಿನಕ್ಕೆ ಬ್ಯಾಟರಿ ಇಳಿಯೋದು ಲೆಕ್ಕ ಹಾಕಿದರೆ ಆಶ್ಚರ್ಯವೇ ಇಲ್ಲ. ಬಂದ್ ಮಾಡಿಟ್ಟ ಗಾಡಿ 50 ಮಿಲಿಆಂಪಿಯರ್ ಎಳೆದರೂ ದಿನಕ್ಕೆ 1.2 ಆಂಪಿಯರ್-ಅವರ್. 61 ದಿನಕ್ಕೆ 73. 80 ಆಂಪಿಯರ್-ಅವರ್‌ನ ಬ್ಯಾಟರಿಯಲ್ಲಿ ಉಳೀತು ಎಂತ? ಮೇಲಿಂದ ಜಿಪಿಎಸ್ ಹಾಕಿಸಿದ್ದರೆ ಅದೂ ಕುಡೀತದೆ.

ಬೈತಖೋಲ ಪಿಕಪ್
ಜಿಪಿಎಸ್ ಇದೆ. ಎರಡನೇ ಚಾವಿಯ ಕವಚ ಹೋದ ವರ್ಷ ಒಡೆದಿತ್ತು, ಅಂಗಡಿಯಲ್ಲಿ ಬದಲಿಸಿದ್ದು. ಆಮೇಲೆ ಆ ಚಾವಿಯಲ್ಲಿ ಗಾಡಿ ಚಾಲೂ ಮಾಡಿ ನೋಡಿದ ನೆನಪಿಲ್ಲ. ಹಾಗಾದ್ರೆ ಬಂದಿನಲ್ಲಿ ಬ್ಯಾಟರಿ ಬಿಚ್ಚಿಡಬೇಕಿತ್ತಾ? ಬಿಚ್ಚಿದರೆ ಚಾವಿಯ ನಂಬರ್ ಅಳಿಸಿಹೋಗ್ತದೆ ಅಂತ ಯಾರೋ ಹೇಳಿದ್ರು.

ಚಾವಿಗೊಂಚಲು
ಅಳಿಸೋದಿಲ್ಲ. ಕರೆಂಟ್ ಇಲ್ಲದೆಯೂ ಉಳಿಯುವ ಮೆಮೊರಿಯಲ್ಲಿ ಇರ್ತದೆ. ಹೋಗೋದು ಗಡಿಯಾರ, ರೇಡಿಯೋ ಸ್ಟೇಷನ್ ಅಷ್ಟೇ. ಚಾವಿ ಆಫ್ ಮಾಡಿ ಒಂದೆರಡು ನಿಮಿಷ ಬಿಟ್ಟು, 10 ನಂಬರ್ ಪಾನಾದಲ್ಲಿ ಮೈನಸ್ ಬಿಚ್ಚಿ. ಎಂಜಿನ್ ಓಡುವಾಗ ಮಾತ್ರ ಬ್ಯಾಟರಿ ಬಿಚ್ಚಬಾರದು. ಆಲ್ಟರ್ನೇಟರಿನ ವೋಲ್ಟೇಜ್ ಒಮ್ಮೆಲೇ ಏರಿ ಡಬ್ಬಿಗಳನ್ನೇ ಸುಡಬಹುದು.

ದೇವಿಮನೆ ಡೀಸೆಲ್
ನಿಲ್ಲಿಸೋದೂ ಒಂದು ಕೆಲಸ. ಟಾಂಕಿ ತುಂಬಿಸಿ ನಿಲ್ಲಿಸಿ, ಅರ್ಧ ಖಾಲಿ ಇದ್ದರೆ ಒಳಗೆ ತೇವ ಕಟ್ಟಿ ನೀರಾಗ್ತದೆ. ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ಲೈನರ್ ಡ್ರಮ್ಮಿಗೆ ಅಂಟಿಕೊಳ್ತದೆ. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಮತ್ತೆ ಇಲಿ! ಜುಲೈ ಮಳೆಯಲ್ಲಿ ಅವಕ್ಕೆ ಬೆಚ್ಚಗಿನ ಜಾಗ ಅಂದ್ರೆ ಬಾನೆಟ್ಟೇ.

ಹಳೇ ಪಂಪು
ಆಯ್ತು, ಆಫ್ ಮಾಡಿಸೋದು ಬೇಡ ಅಂತಲೇ ಇಟ್ಟುಕೊಳ್ಳಿ. ಆದರೆ ಈ ಚಿಪ್ಪಿನಿಂದ ಕಳ್ಳತನ ನಿಂತಿದೆ ಅಂತೀರಾ? ಕಳ್ಳರ ಹತ್ತಿರವೂ ಲ್ಯಾಪ್‌ಟಾಪ್ ಇದೆ.

ಚಾವಿಗೊಂಚಲು
ಒಡೆಯಲಾರದ ಬೀಗ ಅಂತ ನಾನು ಹೇಳಿಲ್ಲ. 1986ರಲ್ಲಿ ಅಮೆರಿಕದ ಕಾರ್ವೆಟ್ ಕಾರಿನ ಚಾವಿಯಲ್ಲಿ ಚಿಪ್ಪು ಅಲ್ಲ, ಒಂದು ರೆಸಿಸ್ಟರ್ ಗುಂಡು ಇಟ್ಟಿದ್ದರು. ಇದ್ದದ್ದೇ 15 ಬೆಲೆಗಳು, ಹದಿನೈದೂ ಇಟ್ಟುಕೊಂಡವನಿಗೆ ಒಂದಲ್ಲ ಒಂದು ಹೊಂದೇ ಹೊಂದುತ್ತದೆ. ಆಮೇಲೆ ಬಂದ ಮೊದಮೊದಲಿನ ಚಿಪ್ಪುಗಳು ಬರೀ ನಂಬರ್ ಒದರುತ್ತಿದ್ದವು, ಕೇಳಿಸಿಕೊಂಡವನು ನಕಲು ಮಾಡಬಹುದಿತ್ತು. ಈಗಿನವು ಹಾಗಲ್ಲ, ಗಾಡಿ ಪ್ರತಿ ಸಲ ಹೊಸ ಪ್ರಶ್ನೆ ಕೇಳ್ತದೆ, ಚಿಪ್ಪು ಗುಟ್ಟಿನ ಕೀಲಿಯಿಂದ ಲೆಕ್ಕ ಹಾಕಿ ಉತ್ತರ ಕೊಡ್ತದೆ. ಅದರಲ್ಲೂ ಗುಟ್ಟಿನ ಕೀಲಿ ಬರೀ 40 ಬಿಟ್ ಉದ್ದ ಇದ್ದ ಒಂದು ಚಿಪ್ಪನ್ನು 2005ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಆರ್‌ಎಸ್‌ಎ ಲ್ಯಾಬ್ಸ್ ಜತೆ ಸೇರಿ ಒಡೆದು ತೋರಿಸಿದರು. ಆದರೆ ರಾತ್ರಿ ಹೆದ್ದಾರಿ ಬದಿಯ ಗಾಡಿಗೆ ಸ್ಕ್ರೂಡ್ರೈವರ್ ಹಿಡಿದು ಬರುವವನಿಗೆ ಈ ಚಿಪ್ಪೇ ಸಾಕು, ಅವನು ಬರಿಗೈಲಿ ಹೋಗ್ತಾನೆ.

ಅಡಿಕೆ ಲೋಡ್
ಬರಿಗೈಲಿ ಹೋಗೋದಿಲ್ಲ, ಸ್ಟೆಪ್ನಿ ಮತ್ತು ಬ್ಯಾಟರಿ ತಗೊಂಡು ಹೋಗ್ತಾನೆ. ಚಾಸಿ ಪಕ್ಕದಲ್ಲೇ ಬ್ಯಾಟರಿ ನೇತಾಡುವ ಪಿಕಪ್ಪುಗಳಿಗೆ ಯಾವ ಇಮ್ಮೊಬಿಲೈಜರ್ ಕಾವಲು? ಬ್ಯಾಟರಿಗೆ ಪಟ್ಟಿ ಬೀಗ, ಸ್ಟೆಪ್ನಿಗೆ ಸರಪಳಿ, ಗೇರಿಗೊಂದು ಲಾಕ್. ಈ ಮೂರು ಹಾಕಿ ಆಮೇಲೆ ಚಿಪ್ಪಿನ ಮಾತಾಡಿ.

ಗಂಗಾವಳಿ
ಮೊಬೈಲಿನಿಂದಲೇ ಎಂಜಿನ್ ಬಂದ್ ಮಾಡುವ ಜಿಪಿಎಸ್ ಬರ್ತದಲ್ಲ, ಅದು ಒಳ್ಳೇದಲ್ಲವಾ?

ದೇವಿಮನೆ ಡೀಸೆಲ್
ಓಡುವ ಗಾಡಿಯನ್ನು ಬಂದ್ ಮಾಡುವಂಥದ್ದು ಬೇಡವೇ ಬೇಡ. ಅರಬೈಲ್ ಘಟ್ಟದಲ್ಲಿ ಲೋಡ್ ಗಾಡಿ ಇಳಿಸಿಕೊಂಡು ಬರ್ತಿರುವಾಗ ಆ ಜಿಪಿಎಸ್ಸಿನ ರಿಲೇ (ಕರೆಂಟ್ ಕಡಿಯುವ ಸ್ವಿಚ್) ಕೈಕೊಟ್ಟು ಎಂಜಿನ್ ನಿಂತಿತು ಅಂತಿಟ್ಟುಕೊಳ್ಳಿ. ಪವರ್ ಸ್ಟೀರಿಂಗ್ ಕಲ್ಲಾಗ್ತದೆ. ಬ್ರೇಕಿನ ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್ ಎರಡು-ಮೂರು ಸಲ ತುಳಿಯಲು ಸಾಕು, ಆಮೇಲೆ ಕಾಲಿನ ಬಲ ಮಾತ್ರ. ಮುಂದೆ ತಿರುವು. ರಿಲೇ ಹಾಕಿಸೋದೇ ಆದರೆ ಸೆಲ್ಫ್ ರಿಲೇಯ ಸಣ್ಣ ತಂತಿಗೆ ಹಾಕಿಸಿ. ನಿಂತ ಗಾಡಿ ಚಾಲೂ ಆಗೋದಿಲ್ಲ, ಓಡುವ ಗಾಡಿ ನಿಲ್ಲೋದಿಲ್ಲ.

ಅಡಿಕೆ ಲೋಡ್
ಅಡ್ಡಿಲ್ಲೆ, ಇದು ಸರಿ ಮಾತು. ಕಳ್ಳ ಸ್ವಿಚ್ಚೂ ಅಲ್ಲಿಗೇ. ದಪ್ಪ ತಂತಿ ಕತ್ತರಿಸಿ ಸ್ವಿಚ್ ಹಾಕಿದರೆ ಆರು ತಿಂಗಳಿಗೆ ಸುಟ್ಟು ಹೋಗ್ತದೆ.

ಬೈತಖೋಲ ಪಿಕಪ್
ಬ್ಯಾಟರಿ ಇಡೀ ರಾತ್ರಿ ಚಾರ್ಜಿಗೆ ಹಾಕಿದೆ. ಬೆಳಿಗ್ಗೆ 12.6. ಸೆಲ್ಫ್ ಹೊಡೆದರೆ 10.3. ಆದರೂ ನಿಧಾನ, ಮಿಣುಕೋದೂ ಇದೆ. ಅರ್ತ್ ಅಳತೆ, ಕಂಬದಿಂದ ಬ್ಲಾಕಿಗೆ, 1.4!

ಮಲ್ಟಿಮೀಟರ್
ಸಿಕ್ಕಿತು. ಪಟ್ಟಿ ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ಜಂಪರ್ ಕೇಬಲಿನ ಕಪ್ಪು ಒಂದನ್ನೇ ತಗೊಂಡು, ಒಂದು ತುದಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಎಂಜಿನ್ನಿನ ಗಟ್ಟಿ ಕಬ್ಬಿಣಕ್ಕೆ ಕಚ್ಚಿಸಿ. ಬೆಲ್ಟ್, ಫ್ಯಾನಿಗೆ ತಾಗದ ಹಾಗೆ. ಮೊದಲನೇ ಚಾವಿಯಲ್ಲಿ ಸೆಲ್ಫ್ ಹೊಡೆಯಿರಿ.

ಬೈತಖೋಲ ಪಿಕಪ್
ಒಂದೇ ಹೊಡೆತಕ್ಕೆ ಹಿಡೀತು ಮಾರಾಯ್ರೆ!! ಚಿತ್ರ ಆರಿದ್ದು ಮತ್ತೆ ಬರಲೇ ಇಲ್ಲ.

ಸಾಣಿಕಟ್ಟಾ
ಪಟ್ಟಿ ಹೊಸದು ಹಾಕಿ, ಹಳೇದನ್ನು ಉಜ್ಜಿ ಹಾಕಬೇಡಿ. ಅಷ್ಟೇ ದಪ್ಪದ್ದು, ಲಗ್ ಪ್ರೆಸ್ ಮಾಡಿದ್ದು, ಬರೀ ಸುತ್ತಿದ್ದು ಅಲ್ಲ. ಚಾಸಿಯ ಕಡೆ ಬೋಲ್ಟ್ ಕೂರುವ ಜಾಗದ ಬಣ್ಣ, ತುಕ್ಕು ಎರಡನ್ನೂ ಎಮರಿ ಪೇಪರಿನಲ್ಲಿ ಬೆಳ್ಳಗೆ ಬರುವ ತನಕ ಉಜ್ಜಿ. ಬಿಗಿದ ಮೇಲೆ ಹೊರಗಿನಿಂದ ವ್ಯಾಸಲೀನ್. ಬಿಗಿಯುವ ಮೊದಲು ಅಲ್ಲ, ಕಬ್ಬಿಣಕ್ಕೆ ಕಬ್ಬಿಣ ತಾಗಬೇಕು.

ಮಲ್ಟಿಮೀಟರ್
ಇದರಿಂದಲೂ ಹೋಗದಿದ್ದರೆ ಮುಂದೆ ಎಂತ ಅಂತ ಬೇರೆಯವರು ಕೇಳಬಹುದು, ಬರೆದಿಡ್ತೇನೆ. ಸ್ಕ್ಯಾನರಿನಲ್ಲಿ ಪಿ0513 ಅನ್ನೋ ಕೋಡ್ ಬಂದರೆ ಚಾವಿ ತಪ್ಪು ಅಂತ ಅರ್ಥ. ಯು0167 ಬಂದರೆ ಇಮ್ಮೊಬಿಲೈಜರ್ ಜತೆ ಮಾತೇ ನಡೀತಿಲ್ಲ ಅಂತ, ಆಗ ಚಾವಿ ಬದಲಿಸಿ ಪ್ರಯೋಜನ ಇಲ್ಲ, ತಂತಿ ಹುಡುಕಬೇಕು. ಬ್ಯಾಟರಿ ಬಿಚ್ಚಿ ಒಬಿಡಿ ಸಾಕೆಟ್ಟಿನ (ಸ್ಕ್ಯಾನರ್ ಚುಚ್ಚುವ ಜಾಗ) 6 ಮತ್ತು 14ನೇ ಪಿನ್ನಿನ ನಡುವೆ ಓಮ್ ನೋಡಿ, ಡಬ್ಬಿಗಳು ಮಾತಾಡುವ ಎರಡು ತಂತಿ ಅವು. ಸುಮಾರು 60 ಬಂದರೆ ಸರಿ. 120 ಬಂದರೆ ಒಂದು ತುದಿ ಕಡಿದಿದೆ, ಇಲಿಯನ್ನು ಬಯ್ಯಿರಿ. ಸೊನ್ನೆ ಹತ್ತಿರ ಬಂದರೆ ಎರಡು ತಂತಿ ಒಂದಕ್ಕೊಂದು ತಾಗಿವೆ.

ಬೈತಖೋಲ ಪಿಕಪ್
ಪಟ್ಟಿ ಬದಲಿಸಿ ಆಯ್ತು, ಈಗ 0.15. ಹಳೇದನ್ನು ಬಗ್ಗಿಸಿದೆ, ಸಾಣಿಕಟ್ಟಾದವರು ಹೇಳಿದ ಹಾಗೇ ಹಸಿರು ಪುಡಿ. ಎರಡನೇ ಚಾವಿ ಬಿಚ್ಚಿ ನೋಡಿದೆ, ಚಿಪ್ಪಿನ ಗೂಡು ಖಾಲಿ.

ಈಗ ಅದಕ್ಕೆ ಎಂತ ಮಾಡೋದು? ಬಜಾರಿನಲ್ಲಿ ಕ್ಲೋನ್ ಮಾಡಿಕೊಡ್ತೇವೆ ಅಂತಾರೆ.

ಚಾವಿಗೊಂಚಲು
ಕ್ಲೋನ್ ಅಂದರೆ ಇರುವ ಚಾವಿಯ ತದ್ರೂಪ. ಗಾಡಿಯ ಮಟ್ಟಿಗೆ ಎರಡೂ ಒಂದೇ ಚಾವಿ. ಕೆಲಸ ಮಾಡ್ತದೆ, ಆದರೆ ಕಸಕ್ಕೆ ಹೋದ ಚಿಪ್ಪಿನ ನಂಬರ್ ಗಾಡಿಯ ನೆನಪಿನಲ್ಲಿ ಹಾಗೇ ಉಳೀತದೆ. ನಿಮ್ಮ ಲೆಕ್ಕದಲ್ಲಿ ಒಂದು ಚಾವಿ ಎಲ್ಲೋ ಹೊರಗಿದೆ. ಸರ್ವಿಸ್ ಸೆಂಟರಿನಲ್ಲಿ ಹೊಸ ಚಿಪ್ ಪ್ರೋಗ್ರಾಂ ಮಾಡಿಸಿ, ಹಳೇ ನಂಬರ್ ಅಳಿಸಿ ಅಂತ ಕೇಳಿ. ಹೋಗುವಾಗ ಇರುವ ಚಾವಿಯನ್ನೂ ತಗೊಂಡು ಹೋಗಿ. ಎಷ್ಟೋ ಗಾಡಿಯಲ್ಲಿ ಪ್ರೋಗ್ರಾಂ ಮಾಡುವ ಹೊತ್ತಿಗೆ ಎದುರಿಗಿಲ್ಲದ ಚಾವಿಗಳೆಲ್ಲ ಅಳಿಸಿಹೋಗ್ತವೆ. ಆರ್‌ಸಿ, ಗುರುತಿನ ಚೀಟಿ ಕೇಳ್ತಾರೆ, ಕೇಳಲೇಬೇಕು.

ಒಂದೇ ಚಾವಿ ಇರುವಾಗ ಮಾಡಿಸಿದರೆ ಸಸ್ತಾ. ಎರಡೂ ಕಳೆದ ಮೇಲೆ ಆದರೆ ಗ್ಯಾರೇಜಿನವರು ಹೇಳಿದ ರೇಟೇ ಬಂದೀತು.

ಹಳೇ ಪಂಪು
ಸರಿ ಸರಿ. ಪಟ್ಟಿಗೆ ಎಷ್ಟಾಯ್ತು ಅದು ಹೇಳಿ.

ಬೈತಖೋಲ ಪಿಕಪ್
350. ಎಮರಿ ಪೇಪರ್ ಬೇರೆ.